ಇಂದಿನ ಧಮ್ಮ ಚಿಂತನೆ: ಹೊಸ ಊರಿನಲ್ಲಿ ಗುರುವನ್ನು ಪರೀಕ್ಷಿಸುವುದು ಹೇಗೆ?



ಗುಬ್ಬಿ ಕಡೆಯಿಂದ ಸತ್ಯಮಂಗಲಕ್ಕೆ ಮನೆ ಬದಲಾಯಿಸಿರುವ ನಮ್ಮ ಬಳಗದ ತಾಯಿಯೊಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ. ಅವರ ಮಗಳು ಎರಡು ವರ್ಷ ಕುಂಗ್ ಫೂ ಕಲಿತಿದ್ದಾಳೆ. ಇಲ್ಲಿ ತುಮಕೂರಿನಲ್ಲಿ ಒಳ್ಳೆಯ ಕ್ಲಾಸು ಯಾವುದೆಂದು ಗುರುತಿಸುವುದು ಹೇಗೆ? ಪಂಚಶೀಲ ತೆಗೆದುಕೊಂಡ ಮನೆಯ ಮಗು ಹೊಡೆಯುವುದು, ಒದೆಯುವುದು ಕಲಿಯಬಹುದೇ? ಈ ಎರಡನೆಯದು ಅತ್ತೆಯವರ ಪ್ರಶ್ನೆಯಂತೆ. ಅದನ್ನೇ ಮೊದಲು ನೋಡೋಣ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅಹಿಂಸೆಯನ್ನು ಕಟ್ಟುನಿಟ್ಟಿನ ನಿಯಮ ಎಂದು ಹೇಳುವುದಿಲ್ಲ, ತತ್ವ ಎನ್ನುತ್ತಾರೆ. ಕೊಲ್ಲುವ ಇಚ್ಛೆ ಬೇರೆ, ಅನಿವಾರ್ಯತೆ ಬೇರೆ ಎಂದು ಬಿಡಿಸಿ ತೋರಿಸುತ್ತಾರೆ. 1920ರ ದಶಕದಲ್ಲಿ ಸಮತಾ ಸೈನಿಕ ದಳ ಕಟ್ಟಿದವರೂ ಅವರೇ. ನಮ್ಮ ಜನ ಮೈ ಮುದುಡಿಕೊಂಡು ನಿಲ್ಲಬಾರದು ಎಂಬ ಕಾಳಜಿ ಅದರಲ್ಲಿತ್ತು. ಸಂಜೆ ಟ್ಯೂಷನ್ ಮುಗಿಸಿ ಒಬ್ಬಳೇ ನಡೆದು ಬರುವ ಹುಡುಗಿ ತನ್ನ ಮೈಯನ್ನು ತಾನು ಕಾಯುವುದು ಕಲಿತರೆ ಶೀಲ ಕೆಡುವುದಿಲ್ಲ. ಸಿಟ್ಟು ಬಂದಾಗ ತಮ್ಮನ ಮೇಲೆ ಆ ವಿದ್ಯೆ ತೋರಿಸಿದರೆ ಕೆಡುತ್ತದೆ. ಅತ್ತೆಯವರಿಗೆ ಇಷ್ಟು ಹೇಳಿದರೆ ಸಾಕು.

ಮೊದಲ ಪ್ರಶ್ನೆಯೇ ಕಷ್ಟದ್ದು. ಸ್ವಂತ ಊರಿನಲ್ಲಿ ಮಾಸ್ಟರ್ ಯಾರ ಮಗ, ಯಾರ ಹತ್ತಿರ ಸಾಲ ಮಾಡಿದ್ದಾನೆ, ಹೆಂಡತಿಯನ್ನು ಹೇಗೆ ನೋಡಿಕೊಳ್ಳುತ್ತಾನೆ ಎಲ್ಲವೂ ಗೊತ್ತಿರುತ್ತದೆ. ಹೊಸ ಊರಿನಲ್ಲಿ ನಮಗೆ ಕಾಣುವುದು ಕರೆಂಟ್ ಕಂಬಕ್ಕೆ ಕಟ್ಟಿದ ಬೋರ್ಡು, ಮೆಡಲ್ ಹಾಕಿಕೊಂಡ ಮಕ್ಕಳ ಫ್ಲೆಕ್ಸು, ಹೆಂಚು ಒಡೆಯುವ ವಿಡಿಯೋ. ಜೊತೆಗೆ ನಮ್ಮವರಿಗೆ ಇನ್ನೊಂದು ಅಳುಕು. ಬಾಡಿಗೆ ಮನೆ ಹುಡುಕುವಾಗ ಬಂದ ಪ್ರಶ್ನೆಯೇ, ಅದೇ "ನೀವು ಯಾವ ಕಡೆಯವರು?" ಎಂಬುದು, ಕ್ಲಾಸಿನ ಬಾಗಿಲಲ್ಲೂ ಬಂದರೆ?

ಸಂಯುತ್ತ ನಿಕಾಯದಲ್ಲಿ ಇದಕ್ಕೆ ಹೊಂದುವ ಒಂದು ಪ್ರಸಂಗವಿದೆ. ಭಗವಾನರು ಸಾವತ್ಥಿಯ ಪುಬ್ಬಾರಾಮದಲ್ಲಿದ್ದಾಗ ಕೋಸಲದ ರಾಜ ಪಸೇನದಿ ನೋಡಲು ಬಂದಿದ್ದ. ಆಗ ಅಲ್ಲಿಂದ ಹಲವು ಪಂಥಗಳ ಸಾಧುಗಳು ಹಾದುಹೋದರು. ಜಟಿಲರು ಏಳು ಜನ, ನಿಗಂಠರು ಏಳು ಜನ, ಬೆತ್ತಲೆ ಸಾಧುಗಳು ಏಳು ಜನ, ಹೀಗೆ ಒಟ್ಟು 35 ಮಂದಿ. ಉದ್ದ ಉಗುರು, ಬೆಳೆದ ಕೂದಲು, ಹೆಗಲ ಮೇಲೆ ಗಂಟು. ರಾಜ ಎದ್ದು ಮಂಡಿಯೂರಿ ಕೈಮುಗಿದು ತನ್ನ ಹೆಸರನ್ನು ಮೂರು ಸಲ ಹೇಳಿಕೊಂಡ. ಅವರು ಹೋದ ಮೇಲೆ, "ಭಂತೇ, ಲೋಕದಲ್ಲಿರುವ ಅರಹಂತರಲ್ಲಿ ಇವರೂ ಸೇರಿದವರು" ಎಂದ. ಹೆಂಡತಿ ಮಕ್ಕಳ ನಡುವೆ ಸಂಸಾರ ಮಾಡುವ ನಿನಗೆ ಅದನ್ನು ತಿಳಿಯುವುದು ಕಷ್ಟ ಎಂದರು ಭಗವಾನರು. ಒಬ್ಬನ ಶೀಲ ತಿಳಿಯುವುದು ಜೊತೆಯಲ್ಲಿ ಬಾಳಿದಾಗ. ಪ್ರಾಮಾಣಿಕತೆ ತಿಳಿಯುವುದು ವ್ಯವಹಾರದಲ್ಲಿ. ಮನೋಬಲ ತಿಳಿಯುವುದು ಆಪತ್ತಿನಲ್ಲಿ, ಪ್ರಜ್ಞೆ ತಿಳಿಯುವುದು ಮಾತುಕತೆಯಲ್ಲಿ. ಅದೂ ಬಹಳ ಕಾಲ ಗಮನಿಸಿದ ಮೇಲೆ, ಗಮನಿಸುವವನಿಗೆ ವಿವೇಕ ಇದ್ದರೆ ಮಾತ್ರ. ಆಗ ರಾಜ ನಿಜ ಬಾಯಿಬಿಟ್ಟ. ಅವರು ಸಾಧುಗಳಲ್ಲ, ಅವನದೇ ಗೂಢಚಾರರು. ಕೆಲಸ ಮುಗಿದ ಮೇಲೆ ಸ್ನಾನ ಮಾಡಿ, ಕ್ಷೌರ ಮಾಡಿಸಿಕೊಂಡು, ಬಿಳಿ ಬಟ್ಟೆ ಉಟ್ಟು ಸುಖವಾಗಿರುವವರು!

ಸಮವಸ್ತ್ರ ನೋಡಿ ಕೈಮುಗಿಯುವ ನಮಗೆ ಈ ನಾಲ್ಕು ಪರೀಕ್ಷೆ ಸಾಕು. ಒಂದು ದಿನದ ಡೆಮೊ ನೋಡಿ ಸೇರಿಸಬೇಡಿ. ಒಂದು ವಾರ ಸಂಜೆ ಹೋಗಿ ಮೂಲೆಯಲ್ಲಿ ಕುಳಿತುಕೊಳ್ಳಿ. ತಂದೆ ತಾಯಿ ಕುಳಿತುಕೊಳ್ಳುವುದು ಬೇಡ ಎನ್ನುವ ಕ್ಲಾಸಾದರೆ ಅಲ್ಲಿಂದಲೇ ಎದ್ದು ಬನ್ನಿ, ಹೆಣ್ಣುಮಕ್ಕಳ ವಿಷಯದಲ್ಲಂತೂ ಎರಡನೇ ಮಾತೇ ಬೇಡ. ಚೆನ್ನಾಗಿ ಒದೆಯುವ ಹುಡುಗನನ್ನು ಮಾಸ್ಟರ್ ಹೇಗೆ ಮೆಚ್ಚುತ್ತಾರೆ ಎಂಬುದನ್ನು ನೋಡಬೇಕಾಗಿಲ್ಲ, ಅದು ಎಲ್ಲರಿಗೂ ಬರುತ್ತದೆ. ಕೊನೆಯ ಸಾಲಿನಲ್ಲಿ ನಿಂತ, ಎಡ ಬಲ ತಪ್ಪುವ ದಪ್ಪ ಹುಡುಗನ ಹತ್ತಿರ ಹೇಗೆ ಮಾತಾಡುತ್ತಾರೆ ನೋಡಿ. ದೊಡ್ಡ ಮಕ್ಕಳು ಚಿಕ್ಕವರೊಂದಿಗೆ ಆಡುವಾಗ ಏಟನ್ನು ತಡೆದು ಹಿಡಿಯುತ್ತಾರೋ, ಸೇಡು ತೀರಿಸಿಕೊಳ್ಳುತ್ತಾರೋ ನೋಡಿ.

ಇನ್ನೊಂದು ಮುಖ್ಯ ವಿಷಯ. ಕ್ಲಾಸು ಮುಗಿದ ಮೇಲೆ ನೆಲ ಗುಡಿಸುವವರು ಯಾರು? ಒಳ್ಳೆಯ ಶಾಲೆಯಲ್ಲಿ ಎಲ್ಲರೂ ಸರದಿಯಲ್ಲಿ ಗುಡಿಸುತ್ತಾರೆ, ಅದು ವಿದ್ಯೆಯ ಭಾಗ. ಸರದಿ ಇಲ್ಲದೆ ಪೊರಕೆ ಪ್ರತಿದಿನ ಒಂದಿಬ್ಬರ ಕೈಗೇ ಬರುತ್ತಿದ್ದರೆ, ಆ ಮಕ್ಕಳು ಯಾವ ಕೇರಿಯವರು ಎಂದು ವಿಚಾರಿಸಿ. ನೀರಿನ ಬಾಟಲಿ ಕೈಯಿಂದ ಕೈಗೆ ಹೋಗುವಾಗ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಗಮನಿಸಿ. ಮಾಸ್ಟರ್ ಬಾಯಿಬಿಟ್ಟು ಜಾತಿ ಕೇಳದೇ ಇರಬಹುದು. ಪೊರಕೆ ಮತ್ತು ಬಾಟಲಿ ನೋಡಿದರೆ ಗೊತ್ತಾಗುತ್ತದೆ.

ವ್ಯವಹಾರಕ್ಕೆ ಬಂದರೆ, ಒಂದು ವರ್ಷದ ಫೀಸು ಒಟ್ಟಿಗೆ ಕೇಳುವವರಿಗೆ ಕೊಡಬೇಡಿ. ತಿಂಗಳು ತಿಂಗಳು ಕೊಡುತ್ತೇವೆ ಎನ್ನಿ. ಬೆಲ್ಟ್ ಪರೀಕ್ಷೆಗೆ ಎಷ್ಟು, ವರ್ಷಕ್ಕೆ ಎಷ್ಟು ಸಲ ಎಂದು ಮೊದಲೇ ಕೇಳಿ. ಬಣ್ಣದ ಬೆಲ್ಟು ಚೀನಾದ ಹಳೆಯ ಪದ್ಧತಿಯೇನಲ್ಲ. ಕಪ್ಪು ಬೆಲ್ಟು 19ನೇ ಶತಮಾನದ ಕೊನೆಗೆ ಜಪಾನಿನ ಜೂಡೋದಲ್ಲಿ ಹುಟ್ಟಿದ್ದು, ಉಳಿದ ಬಣ್ಣಗಳು ಆಮೇಲೆ ಬಂದವು. ಕುಂಗ್ ಫೂ ಎಂಬ ಚೀನೀ ಮಾತಿಗೆ ಕಾಲ ಹಾಕಿ, ಶ್ರಮಪಟ್ಟು ಗಳಿಸಿದ ಕುಶಲತೆ ಎಂದೇ ಅರ್ಥ. ಅಡುಗೆಗೂ ಹೇಳಬಹುದು, ಅಕ್ಷರ ಬರೆಯುವುದಕ್ಕೂ ಹೇಳಬಹುದು. ಆರು ತಿಂಗಳಿಗೆ ಬ್ಲ್ಯಾಕ್ ಬೆಲ್ಟ್ ಎನ್ನುವವರು ಹೆಸರಿನ ಅರ್ಥವನ್ನೇ ಬಿಟ್ಟಿದ್ದಾರೆ.

ಕ್ಲಾಸಿನ ಗೋಡೆಯ ಮೇಲೆ ಬೋಧಿಧರ್ಮರ ಚಿತ್ರ ಕಂಡರೆ ನಮ್ಮವರಿಗೆ ಕೂಡಲೇ ಮನಸ್ಸು ಕರಗುತ್ತದೆ. ದಕ್ಷಿಣದ ಬೌದ್ಧ ಭಿಕ್ಖು ಚೀನಾಕ್ಕೆ ಹೋಗಿ ಕುಂಗ್ ಫೂ ಕಲಿಸಿದರು ಎಂಬ ಸಂದೇಶ ಇದೇ ವಾಟ್ಸಾಪ್‌ನಲ್ಲಿ ಎಷ್ಟು ಸಲ ಬಂದಿಲ್ಲ! ಆದರೆ ಅವರನ್ನು ವ್ಯಾಯಾಮ ವಿದ್ಯೆಗೆ ಜೋಡಿಸುವ ಗ್ರಂಥ 17ನೇ ಶತಮಾನದ್ದು, ಅಂದರೆ ಅವರ ಕಾಲಕ್ಕಿಂತ ಸಾವಿರ ವರ್ಷ ಈಚಿನದು. ಹೆನಾನ್ ಪ್ರಾಂತ್ಯದ ಶಾವೋಲಿನ್ ವಿಹಾರವನ್ನು 495ರಲ್ಲಿ ಕಟ್ಟಿಸಿದ್ದು ಬತುವೋ ಎಂದು ಅಲ್ಲಿಯವರು ಕರೆಯುವ ಇನ್ನೊಬ್ಬ ಭಾರತೀಯ ಭಿಕ್ಖುವಿಗಾಗಿ. ಹೆಮ್ಮೆಪಡಲು ಅಷ್ಟು ಸಾಲದೇ? ಅದೇ ಶಾವೋಲಿನ್ ವಿಹಾರದ ಮುಖ್ಯಸ್ಥರಾಗಿದ್ದ ಷಿ ಯೊಂಗ್‌ಶಿನ್ ಮೇಲೆ 2025ರ ಜುಲೈನಲ್ಲಿ ಹಣ ದುರುಪಯೋಗ ಮತ್ತು ಶೀಲಭಂಗದ ಆರೋಪ ಬಂದು ತನಿಖೆ ಶುರುವಾಯಿತು, ಚೀನಾದ ಬೌದ್ಧ ಸಂಘ ಅವರ ಭಿಕ್ಖು ದೀಕ್ಷೆಯ ಪ್ರಮಾಣಪತ್ರವನ್ನು ರದ್ದು ಮಾಡಿತು. ಮೂಲ ಪೀಠದ ಪಾಡೇ ಹೀಗಿರುವಾಗ, "ನಮ್ಮದು ಶಾವೋಲಿನ್ ಪರಂಪರೆ" ಎಂಬ ಬೋರ್ಡಿಗೆ ಎಷ್ಟು ಬೆಲೆ ಕೊಡಬೇಕೋ ನೀವೇ ಯೋಚಿಸಿ.

ಗುರುಭಕ್ತಿಯ ವಿಷಯ ಬಂದಾಗ ಏಕಲವ್ಯನ ಹೆಬ್ಬೆರಳು ನಮಗೆಲ್ಲ ನೆನಪಾಗುತ್ತದೆ. ಬೌದ್ಧ ಅಟ್ಠಕಥೆಯಲ್ಲೂ ಬೆರಳಿನ ಕಥೆ ಇದೆ. ತಕ್ಕಸಿಲೆಯಲ್ಲಿ ಅಹಿಂಸಕ ಎಂಬ ಜಾಣ ವಿದ್ಯಾರ್ಥಿಗೆ, ಚಾಡಿ ಮಾತು ಕೇಳಿದ ಗುರು, ಸಾವಿರ ಬೆರಳು ದಕ್ಷಿಣೆಯಾಗಿ ತಾ ಎಂದ. ಹುಡುಗ ಎದುರಾಡಲಿಲ್ಲ, ಅಂಗುಲಿಮಾಲನಾದ. ಅವನನ್ನು ಕೆಡಿಸಿದ್ದು ಪ್ರಶ್ನೆ ಕೇಳದ ವಿಧೇಯತೆ. ಭಗವಾನರಾದರೋ ವೀಮಂಸಕ ಸುತ್ತದಲ್ಲಿ, ತಥಾಗತನನ್ನೂ ಕಣ್ಣಿನಿಂದ ನೋಡಿ, ಕಿವಿಯಿಂದ ಕೇಳಿ ಪರೀಕ್ಷಿಸಿರಿ ಎಂದರು. ಆದ್ದರಿಂದ ಮಗಳಿಗೆ ಇದನ್ನು ಮೊದಲೇ ಹೇಳಿಕೊಡಿ: ಮಾಸ್ಟರಿಗೆ ತಲೆಬಾಗಿ ನಮಸ್ಕಾರ ಮಾಡು, ಅವರು ಹೇಳಿದ ವ್ಯಾಯಾಮ ಮಾಡು, ಆದರೆ ಯಾವ ಮಾತನ್ನು ಮನೆಯಲ್ಲಿ ಹೇಳಬೇಡ ಎನ್ನುತ್ತಾರೋ ಆ ಮಾತನ್ನು ಅವತ್ತೇ ಬಂದು ನನಗೆ ಹೇಳು.

ಹಳೆಯ ಮಾಸ್ಟರಿಗೊಂದು ಫೋನ್ ಮಾಡಿ ಕೇಳುವುದನ್ನು ಮರೆಯಬೇಡಿ, ಈ ವಿದ್ಯೆಯವರಿಗೆ ಒಬ್ಬರಿಗೊಬ್ಬರ ಗುಣ ಗೊತ್ತಿರುತ್ತದೆ. ಹತ್ತಿರದಲ್ಲಿ ಸರಿಯಾದ ಕುಂಗ್ ಫೂ ಶಾಲೆ ಸಿಗದಿದ್ದರೆ, ಒಳ್ಳೆಯ ಮನುಷ್ಯ ಕಲಿಸುವ ಕರಾಟೆಗೋ ಕಬಡ್ಡಿಗೋ ಸೇರಿಸಿ. ಕಲಿತ ಎರಡು ವರ್ಷ ಮೈಯಲ್ಲಿ ಉಳಿದೇ ಇರುತ್ತದೆ.

ಪಸೇನದಿಯ ಈ ಪ್ರಸಂಗ ಕೋಸಲ ಸಂಯುತ್ತದಲ್ಲಿದೆ. ಭಾನುವಾರ ವಂದನೆಯ ನಂತರ ಪೂರ್ತಿ ಓದೋಣ, ಮಕ್ಕಳನ್ನೂ ಕರೆತನ್ನಿ.

ಜೈ ಭೀಮ್.