ನೀಲಿ ರಕ್ತದ ಋಣ

ನಮ್ಮ ಟೀಮಿನಲ್ಲಿ ಊಟದ ಹೊತ್ತಿಗೆ ಒಂದು ಆಟ ನಡೆಯುತ್ತೆ. ಡಬ್ಬಿ ತೆಗೆಯೋ ಮುಂಚೆ ಒಬ್ಬೊಬ್ಬರೂ 'ಹೌದಾ?!' ಅನ್ನಿಸುವಂಥ ಒಂದು ಸಂಗತಿ ಹೇಳಬೇಕು. ಆಕ್ಟೋಪಸ್‌ಗೆ ಮೂರು ಹೃದಯ. ಶುಕ್ರಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಿದರೂ ತನ್ನ ಸುತ್ತ ತಾನು ಪೂರ್ತಿ ಒಂದು ಸಲ ತಿರುಗಿರಲ್ಲ. ಇಂಥವು. ಯಾರದ್ದಕ್ಕೆ ಹೆಚ್ಚು ಜನ ಬಾಯಿ ಬಿಡ್ತಾರೋ ಅವರಿಗೆ ಆವತ್ತಿನ ಕಾಫಿ ಫ್ರೀ.

ಒಂದು ದಿನ ನನಗೆ ಆ ಕಾಫಿ ಗೆಲ್ಲಿಸಿಕೊಟ್ಟಿದ್ದು ಹಾರ್ಸ್‌ಶೂ ಕ್ರ್ಯಾಬ್. ಕುದುರೆ ಲಾಳದ ಆಕಾರದ ಚಿಪ್ಪು, ಹಿಂದೊಂದು ಚೂಪು ಬಾಲ. ಹೆಸರಿಗೆ ಏಡಿ, ಸಂಬಂಧದಲ್ಲಿ ಜೇಡ, ಚೇಳುಗಳಿಗೆ ಹತ್ತಿರ. ಡೈನೊಸಾರ್‌ಗಳಿಗಿಂತ ಎಷ್ಟೋ ಹಳೆಯದು, ಸುಮಾರು 45 ಕೋಟಿ ವರ್ಷದ ವಂಶ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರೋಕೆ ಕಬ್ಬಿಣ ಇದ್ದರೆ ಅದಕ್ಕೆ ತಾಮ್ರ, ಅದಕ್ಕೇ ರಕ್ತ ನೀಲಿ. ನಾವು ತಗೊಂಡಿರೋ ಇಂಜೆಕ್ಷನ್‌ಗಳಲ್ಲಿ ಬಹುಪಾಲು ಸುರಕ್ಷಿತ ಅಂತ ಖಾತ್ರಿ ಮಾಡಿರೋದು ಆ ನೀಲಿ ರಕ್ತದಿಂದಲೇ. ಇಷ್ಟು ಹೇಳಿದ್ದೇ ತಡ, ಒಬ್ಬ ಫೋನ್ ತೆಗೆದು 'ಒಂದು ಗ್ಯಾಲನ್‌ಗೆ 60,000 ಡಾಲರ್ ಅಂತೆ ಮಗಾ!' ಅಂದ. ಮಾತು ಅಲ್ಲಿಂದ ಏಡಿ ಸಾಕೋ ಸ್ಟಾರ್ಟಪ್‌ಗೆ ಹೋಯ್ತು. ನಕ್ಕೆವು. ನಾನು ಕಾಫಿ ಕುಡಿದೆ.

ಎರಡು ತಿಂಗಳಾದ ಮೇಲೆ ಅಪ್ಪನಿಗೆ ಮೊಣಕಾಲಿನ ಕೀಲು ಬದಲಿಸುವ ಆಪರೇಷನ್ ಆಯ್ತು. ತಿಪಟೂರಿನ ತೋಟ ಬಿಟ್ಟು ಬರೋಕೆ ಒಪ್ಪಿಸಿದ್ದೇ ಒಂದು ದೊಡ್ಡ ಕಥೆ, ಅದು ಬೇಡ ಈಗ. ರಾತ್ರಿ ಹನ್ನೊಂದರ ಹೊತ್ತಿಗೆ ಅಪ್ಪನಿಗೆ ಎಚ್ಚರ ಆಯ್ತು. ನಾನು ಸಲೈನ್ ಹನಿ ಬೀಳೋದನ್ನೇ ನೋಡ್ತಾ ಕೂತಿದ್ದೆ.

'ಏನೋ, ಬಾಟ್ಲಿನೇ ನೋಡ್ತಾ ಇದ್ದೀಯ?'

ಹೊತ್ತು ಹೋಗಲಿ ಅಂತ ಅದೇ ಏಡಿ ಕಥೆ ಹೇಳಿದೆ. ಈ ಬಾಟ್ಲಿಗೂ, ನಿಮ್ಮ ಕಾಲೊಳಗೆ ಕೂರಿಸಿರೋ ಹೊಸ ಕೀಲಿಗೂ ಇಂಥದೇ ಪರೀಕ್ಷೆ ಆಗಿರುತ್ತೆ ಅಂದೆ. ಅಪ್ಪ 'ಹೌದಾ' ಅನ್ನಲಿಲ್ಲ.

'ರಕ್ತ ತಗೊಂಡ್ಮೇಲೆ ಅದನ್ನ ಏನ್ ಮಾಡ್ತಾರೆ?'

'ವಾಪಸ್ ಸಮುದ್ರಕ್ಕೆ ಬಿಡ್ತಾರೆ, ಅಮೆರಿಕದಲ್ಲಿ.'

'ಬದುಕ್ಕೊಳ್ತವಾ?'

ನನಗೆ ಗೊತ್ತಿರಲಿಲ್ಲ. ರೇಟು ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಅಪ್ಪ ಮತ್ತೆ ನಿದ್ದೆಗೆ ಜಾರಿದ ಮೇಲೆ ಅದೇ ಕುರ್ಚಿಯಲ್ಲಿ ಕೂತು ಓದಿದೆ.

ಅಮೆರಿಕದ ಪೂರ್ವ ಕರಾವಳಿಯಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಏಡಿಗಳನ್ನು ಹಿಡಿದು, ಬೆನ್ನಿನ ಕೀಲಿನ ಹತ್ತಿರ ಸೂಜಿ ಚುಚ್ಚಿ, ರಕ್ತದ ಸುಮಾರು ಮೂರನೇ ಒಂದು ಭಾಗ ಇಳಿಸಿಕೊಂಡು ಬಿಡ್ತಾರೆ. ನೂರಕ್ಕೆ 15 ಸಾಯುತ್ತವೆ ಅನ್ನೋದು ಅಲ್ಲಿನ ಮೀನುಗಾರಿಕಾ ಆಯೋಗ ಹಿಡಿಯುವ ಲೆಕ್ಕ. 30ರ ತನಕ ಹೋಗುತ್ತೆ ಅಂತ ಕೆಲವು ಅಧ್ಯಯನಗಳು. ಬದುಕಿದವು ಸುಸ್ತಾಗಿರುತ್ತವೆ, ಹೆಣ್ಣುಗಳು ಮೊಟ್ಟೆ ಇಡಲು ದಡಕ್ಕೆ ಬರೋದು ಕಡಿಮೆಯಾಗುತ್ತೆ ಅಂತಲೂ ಇದೆ. ಆ ಮೊಟ್ಟೆ ನಂಬಿಕೊಂಡು ದಕ್ಷಿಣ ಅಮೆರಿಕದಿಂದ ಉತ್ತರ ಧ್ರುವದ ಕಡೆಗೆ ಹಾರುವ ಹಕ್ಕಿಗಳ ಕಥೆ ಬೇರೆ.

ಯಾಕೆ ಬೇಕು ಈ ರಕ್ತ? ಕೆಲವು ಜಾತಿ ಬ್ಯಾಕ್ಟೀರಿಯಾಗಳ ಹೊರಗೋಡೆಯಲ್ಲಿ ಎಂಡೋಟಾಕ್ಸಿನ್ ಅನ್ನೋ ವಿಷ ಇರುತ್ತೆ. ಬ್ಯಾಕ್ಟೀರಿಯಾವನ್ನು ಕುದಿಸಿ ಕೊಂದರೂ ವಿಷ ಸಾಯಲ್ಲ. ನೋಡೋಕೆ ತಿಳಿನೀರಿನಂಥ ಸಲೈನ್ ನರಕ್ಕೆ ಹೋದರೆ ಚಳಿಜ್ವರ, ಹೆಚ್ಚಾದರೆ ಜೀವಕ್ಕೇ ಸಂಚಕಾರ. ಏಡಿಯ ರಕ್ತ ಮಾತ್ರ ಈ ವಿಷ ಎಳ್ಳಷ್ಟು ಸೋಕಿದರೂ ಹೆಪ್ಪುಗಟ್ಟುತ್ತೆ. ಫ್ರೆಡರಿಕ್ ಬ್ಯಾಂಗ್ ಎಂಬ ವೈದ್ಯ ವಿಜ್ಞಾನಿ 1956ರಲ್ಲಿ ಹೀಗೆ ಹೆಪ್ಪುಗಟ್ಟುವುದನ್ನು ವರದಿ ಮಾಡಿದರು. ಮುಂದೆ ಜ್ಯಾಕ್ ಲೆವಿನ್ ಜೊತೆ ಸೇರಿ ಅದನ್ನೇ ಪರೀಕ್ಷೆ ಮಾಡಿದರು.

ಅದಕ್ಕೂ ಮುಂಚೆ ಏನಿತ್ತು ಗೊತ್ತಾ? ಮೊಲ. ಔಷಧಿಯನ್ನು ಮೊಲದ ಕಿವಿಯ ನರಕ್ಕೆ ಚುಚ್ಚಿ, ಜ್ವರ ಬರುತ್ತಾ ಅಂತ ಗಂಟೆಗಟ್ಟಲೆ ಕಾಯೋದು. 1977ರಲ್ಲಿ ಅಮೆರಿಕ ಏಡಿ ಪರೀಕ್ಷೆಯನ್ನು ಒಪ್ಪಿದಾಗ ಎಷ್ಟೋ ಮೊಲ ಉಳಿದವು. ಹಾಗಾಗಿ ಇದರಲ್ಲಿ ಸುಲಭವಾಗಿ ಬೈಯೋಕೆ ಯಾರೂ ಸಿಗಲ್ಲ. ಆ ರಾತ್ರಿ ಯಾರಾದರೂ ಬಂದು, ಏಡಿ ಬೇಕೋ ಅಪ್ಪ ಬೇಕೋ ಅಂತ ಕೇಳಿದ್ದರೆ ನಾನು ಎರಡು ಸಲ ಯೋಚಿಸ್ತಿರಲಿಲ್ಲ. ಈಗಲೂ ಯೋಚಿಸಲ್ಲ.

ಆದರೆ ಅದಕ್ಕೆ 'ಋಣ' ಅನ್ನೋ ಹೆಸರು ಇಡೋಕೆ ಸ್ವಲ್ಪ ಮುಜುಗರ. ಅನ್ನದ ಋಣ, ಉಪ್ಪಿನ ಋಣ ಅಂತೀವಲ್ಲ, ಅಲ್ಲಿ ಕೊಟ್ಟವರೊಬ್ಬರು ಇರ್ತಾರೆ. ಏಡಿ ಏನನ್ನೂ ಕೊಟ್ಟಿಲ್ಲ, ನಾವು ತಗೊಂಡ್ವಿ. ಪುಣ್ಯಕೋಟಿಗಾದರೂ ಹುಲಿಯ ಹತ್ತಿರ ಮಾತಾಡೋ ಅವಕಾಶ ಇತ್ತು. 'ತ್ಯಾಗ' ಅನ್ನೋ ಪದ ಈ ಏಡಿಗಳ ಬಗ್ಗೆ ಬರೆಯೋರು ಬಹಳ ಬಳಸ್ತಾರೆ, ಅದು ಶುದ್ಧ ಸುಳ್ಳು. ಕೇಳದೆ ತಗೊಂಡಿದ್ದಕ್ಕೆ ನಾನು ಮಾಡಬಹುದಾದ್ದು ಒಂದೇ ಅನ್ಸುತ್ತೆ: ಅಗತ್ಯ ಇರೋ ತನಕ ತಗೊಳ್ಳೋದು, ಅಗತ್ಯ ಮುಗಿದ ದಿನ ನಿಲ್ಲಿಸೋದು. ನನ್ನನ್ನ ಕಾಡಿದ್ದು ಇಲ್ಲೇ. ಅಗತ್ಯ ಮುಗಿಯುತ್ತಾ ಬಂದು ಬಹಳ ವರ್ಷ ಆಗಿದೆ.

ಸಿಂಗಪುರದ ಡಿಂಗ್ ಜಿಯಾಕ್ ಲಿಂಗ್ ಮತ್ತು ಹೋ ಬೌ ದಂಪತಿ ಏಡಿಯ ರಕ್ತದಲ್ಲಿ ವಿಷವನ್ನು ಗುರುತಿಸುವ ಪ್ರೋಟೀನಿನ ಜೀನ್ ಹುಡುಕಿ, 1990ರ ದಶಕದಲ್ಲೇ ಆ ಪ್ರೋಟೀನನ್ನು ಲ್ಯಾಬಿನಲ್ಲಿ ತಯಾರಿಸಿದರು. 2003ರ ಹೊತ್ತಿಗೆ ಮಾರುಕಟ್ಟೆಗೂ ಬಂತು. 2018ರಲ್ಲಿ ಅಮೆರಿಕ ಒಪ್ಪಿದ ಒಂದು ಮೈಗ್ರೇನ್ ಔಷಧಿಗೆ ಇದರಿಂದಲೇ ಪರೀಕ್ಷೆ ಆಯ್ತು. ಆದರೂ ಯುರೋಪಿನ ಔಷಧಕೋಶ ಇದನ್ನು ಪೂರ್ಣವಾಗಿ ಸೇರಿಸಿಕೊಂಡಿದ್ದು 2021ರಲ್ಲಿ. ಅಮೆರಿಕದಲ್ಲಿ ಅಂಥ ನಿಯಮ ಜಾರಿಗೆ ಬಂದಿದ್ದು 2025ರಲ್ಲಿ. ಬಳಸಬಹುದು ಅಂತಷ್ಟೇ, ಬಳಸಲೇಬೇಕು ಅಂತಲ್ಲ.

ಇಷ್ಟು ತಡ ಯಾಕೆ ಅಂತ ಕೋಪ ಬಂತು. ಆಮೇಲೆ ನನ್ನ ಕೆಲಸ ನೆನಪಾಯ್ತು. ನಾನು ಟೆಸ್ಟಿಂಗ್‌ನವನು. ಓಡ್ತಿರೋ ಸಿಸ್ಟಮ್ ಮುಟ್ಟಬೇಡ ಅನ್ನೋದು ನಮ್ಮ ಮೊದಲ ಪಾಠ. ಹೊಸ ಪರೀಕ್ಷೆ ಒಂದು ಬ್ಯಾಚ್‌ನಲ್ಲಿ ಎಡವಿದರೆ ಸಾಯೋದು ಏಡಿ ಅಲ್ಲ, ಹಾಸಿಗೆ ಮೇಲಿರೋ ಯಾರದೋ ಅಪ್ಪ. ಆ ಭಯ ನಿಜ. ಆದರೆ ಎಷ್ಟು ಭಾಗ ಭಯ, ಎಷ್ಟು ಭಾಗ 'ಈಗ ಯಾರು ಆ ಫೈಲ್ ಕೆಲಸ ಎಲ್ಲಾ ಮತ್ತೆ ಮಾಡ್ತಾರೆ' ಅನ್ನೋ ಸೋಮಾರಿತನ ಅಂತ ಒಳಗಿದ್ದವರಿಗೆ ಗೊತ್ತಿರುತ್ತೆ. ನನ್ನ ಹೆಸರಲ್ಲೇ ಅಂಥದೊಂದು ಟಿಕೆಟ್ ಮೂರು ವರ್ಷದಿಂದ ಮುಂದಿನ ಕ್ವಾರ್ಟರ್‌ಗೆ ಹೋಗ್ತಾ ಇದೆ. ಭಯದಿಂದ ಅಲ್ಲ.

ಡಿಸ್ಚಾರ್ಜ್ ದಿನ ಅಪ್ಪ ಕನ್ನಡಕ ಹಾಕ್ಕೊಂಡು ಬಿಲ್ಲನ್ನು ಸಾಲು ಸಾಲಾಗಿ ಓದಿದರು. ಗ್ಲೌಸು, ಹತ್ತಿ, ಸಿರಿಂಜು. 'ಎಲ್ಲಾದಕ್ಕೂ ಹಾಕಿದಾರೆ. ನಿನ್ನ ಏಡಿದು ಮಾತ್ರ ಕಾಣ್ತಿಲ್ವಲ್ಲೋ' ಅಂದರು, ತಮಾಷೆಗೇ.

ಆಸ್ಪತ್ರೆಯಿಂದ ಹೊರಡೋ ಮುಂಚೆ ಸಲೈನ್ ಬಾಟ್ಲಿಯ ಫೋಟೋ ತೆಗೆದುಕೊಂಡಿದ್ದೆ. ಅದರ ಮೇಲಿದ್ದ ಕಂಪನಿಯ ವಿಳಾಸಕ್ಕೆ ಒಂದು ಮೇಲ್ ಹಾಕಿದೆ: ನೀವು ಯಾವ ಪರೀಕ್ಷೆ ಮಾಡ್ತೀರಿ, ಲ್ಯಾಬಿನದ್ದಕ್ಕೆ ಬದಲಾಯಿಸೋ ಯೋಚನೆ ಇದೆಯಾ? 'ನಿಮ್ಮ ಸಂದೇಶ ತಲುಪಿದೆ' ಅನ್ನೋ ತಾನಾಗೇ ಬರೋ ಉತ್ತರ ಬಂತು. ಬೇರೇನೂ ಬಂದಿಲ್ಲ. ಭಾನುವಾರ ಫೋನ್ ಮಾಡಿದಾಗ ಅಪ್ಪ ಮಳೆ, ತೆಂಗಿನಕಾಯಿ ರೇಟು, ಕಾಲು ಎಲ್ಲಾ ಹೇಳಿ ಮುಗಿಸಿ ಕೊನೆಗೆ ಕೇಳ್ತಾರೆ, 'ಅವ್ರು ಉತ್ತರ ಕೊಟ್ರೇನೋ?' ನಾನು ಇಲ್ಲ ಅಂತೀನಿ. 'ಇನ್ನೊಂದು ಸಲ ಬರಿ' ಅಂತಾರೆ.