ಇಂದಿನ ಧಮ್ಮ ಚಿಂತನೆ: ಗಾರ್ಡ್ ಬಿಚ್ಚಿದ್ದು ಯಾರು?



ಹೋದ ಭಾನುವಾರದ ಅಧ್ಯಯನದಲ್ಲಿ ಒಂದು ಪ್ರಶ್ನೆ ಅರ್ಧಕ್ಕೇ ನಿಂತಿತು. ಮಷೀನ್ ರಿಪೇರಿ ಮಾಡುವಾಗ ಬೆರಳು ಹೋದರೆ ಅದು ಯಾರ ಕರ್ಮ? ಕೇಳಿದವರು ಯಲಚೇನಹಳ್ಳಿ ಕಡೆ ಪವರ್ ಪ್ರೆಸ್ ಕೆಲಸ ಮಾಡುವ ಯುವಕ.

ಪ್ರೆಸ್ ನೋಡದವರಿಗೆ ಎರಡು ಮಾತು. ತಗಡನ್ನು ಡೈ ಮೇಲಿಟ್ಟು ಪೆಡಲ್ ಒತ್ತಿದರೆ ಮೇಲಿನಿಂದ ಟನ್‌ಗಟ್ಟಲೆ ಭಾರ ಇಳಿಯುತ್ತದೆ. ಪಕ್ಕದ ಫ್ಲೈವ್ಹೀಲ್ ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಸುತ್ತುತ್ತಲೇ ಇರುತ್ತದೆ. ಕ್ಲಚ್ ಸವೆದಿದ್ದರೆ ಪೆಡಲ್ ಮುಟ್ಟದೆಯೂ ಇನ್ನೊಂದು ಏಟು ಬೀಳಬಹುದು. ಸಿಕ್ಕಿಕೊಂಡ ತುಣುಕು ತೆಗೆಯಲು, ಎಣ್ಣೆ ಬಿಡಲು, ಡೈ ಬದಲಿಸಲು ಕೈ ಒಳಗೆ ಹೋಗುವುದು ಆ ಹೊತ್ತಿನಲ್ಲೇ. ಚಕ್ರ ಪೂರ್ತಿ ನಿಲ್ಲಬೇಕು, ಮೇನ್ ಆಫ್ ಮಾಡಿ ಬೀಗ ಹಾಕಬೇಕು, ಬೀಗದ ಕೈ ರಿಪೇರಿ ಮಾಡುವವನ ಜೇಬಿನಲ್ಲೇ ಇರಬೇಕು. ಇದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಪೀಸ್ ಲೆಕ್ಕದ ಕೂಲಿಯಲ್ಲಿ ಆ ಹೊತ್ತಿಗೆ ದುಡ್ಡಿಲ್ಲ. (ಆಯುಧಪೂಜೆಗೆ ಅದೇ ಪ್ರೆಸ್ಸಿಗೆ ಕುಂಕುಮ, ಬಾಳೆಕಂದು, ಬೂದುಗುಂಬಳ ಎಲ್ಲ ಉಂಟು. ಗಾರ್ಡ್ ಮಾತ್ರ ಮೂಲೆಯಲ್ಲಿ ತುಕ್ಕು ಹಿಡಿದಿರುತ್ತದೆ.)

ನನ್ನ ತರಗತಿಯ ಮಗುವೊಂದರ ತಂದೆ ಪ್ರೋಗ್ರೆಸ್ ಕಾರ್ಡಿಗೆ ಎಡಗೈಯಲ್ಲಿ ಸಹಿ ಹಾಕುತ್ತಾರೆ. ಬಲಗೈಯಲ್ಲಿ ಉಳಿದಿರುವುದು ಹೆಬ್ಬೆರಳು, ಕಿರುಬೆರಳು. "ಹಣೆಬರಹ ಮೇಡಂ, ನಾನೇ ಗಾರ್ಡ್ ಬಿಚ್ಚಿದ್ದೆ" ಅಂದರು. ಒಂದೇ ಮಾತಿನಲ್ಲಿ ಎರಡು ಉತ್ತರ, ಒಂದಕ್ಕೊಂದು ಹೊಂದುವುದಿಲ್ಲ. ಹಣೆಬರಹವಾದರೆ ಅವರು ಬಿಚ್ಚಿದ್ದು ಲೆಕ್ಕಕ್ಕಿಲ್ಲ. ಅವರೇ ಬಿಚ್ಚಿದ್ದರಿಂದ ಆಯಿತು ಎಂದರೆ ಹಣೆಬರಹಕ್ಕೆ ಅಲ್ಲೇನು ಕೆಲಸ? ಎರಡು ಉತ್ತರದಲ್ಲೂ ಮಾಲೀಕರು ಮಾತ್ರ ಇಲ್ಲ.

ಸಂಯುತ್ತ ನಿಕಾಯದಲ್ಲಿ ಸೀವಕನೆಂಬ ಪರಿವ್ರಾಜಕ ಬುದ್ಧರನ್ನು ಇದನ್ನೇ ಕೇಳುತ್ತಾನೆ: ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ನಿಜವೇ? ಬುದ್ಧರು ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಇವು ಮೂರೂ ಕೂಡಿದ್ದು, ಋತುವಿನ ಬದಲಾವಣೆ, ಮೈಯನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು ಎಂದು ಏಳು ಕಾರಣ ಹೇಳಿ ಎಂಟನೆಯದಾಗಿ ಕರ್ಮದ ಹೆಸರು ತೆಗೆಯುತ್ತಾರೆ. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಇನ್ನೂ ಮುಂದೆ ಹೋಗಿ, ಬಡವರ ಸ್ಥಿತಿಗೆ ಸಮಾಜ ಮತ್ತು ಸರ್ಕಾರ ಹೊಣೆಯಾಗದಂತೆ ಜಾರಿಕೊಳ್ಳಲು ಈ ಪೂರ್ವಕರ್ಮದ ಮಾತು ನೆರವಾಗುತ್ತದೆ ಎಂದು ಸಂಶಯಪಡುತ್ತಾರೆ.

ಹಾಗಾದರೆ ‘ನಾನೇ ಬಿಚ್ಚಿದ್ದೆ’ ಎನ್ನುವುದು? 1923ರ ಪರಿಹಾರ ಕಾಯ್ದೆಯ ಪಟ್ಟಿ ಬೆರಳುಗಳನ್ನು ದುಡಿಯುವ ಶಕ್ತಿಯಲ್ಲಿ ಅಳೆಯಿತು: ಹೆಬ್ಬೆರಳು ಶೇ. 30, ತೋರುಬೆರಳು ಶೇ. 14, ಒಂದೇ ಕೈಯ ಮೂರು ಬೆರಳು ಶೇ. 30. ಅದೇ ಕಾಯ್ದೆ, ಗಾರ್ಡ್ ಎಂದು ಗೊತ್ತಿದ್ದೂ ಕೆಲಸಗಾರ ಬೇಕೆಂದೇ ತೆಗೆದದ್ದರಿಂದ ಇಂಥ ಗಾಯವಾದರೆ ಮಾಲೀಕ ಕೊಡಬೇಕಾಗಿಲ್ಲ ಎಂದಿತು. ಆ ‘ಬೇಕೆಂದೇ’ ಎನ್ನುವ ಪದದ ಹತ್ತಿರ ನಾವು ನಿಲ್ಲಬೇಕು. ಬುದ್ಧರು ಕರ್ಮ ಎಂದದ್ದು ಚೇತನೆಯನ್ನು, ಅಂದರೆ ಬೇಕೆನ್ನುವ ಮನಸ್ಸನ್ನು. ಸ್ಪ್ಯಾನರ್ ಹಿಡಿದದ್ದು ಆ ತಂದೆಯ ಕೈ, ನಿಜ. ಗಾರ್ಡ್ ಇದ್ದರೆ ಮುಟ್ಟಲಾಗದ ಪೀಸ್ ಲೆಕ್ಕ ನಿಗದಿ ಮಾಡಿ, ದಿನವೂ ನೋಡಿಯೂ ಸುಮ್ಮನಿದ್ದವರ ಚೇತನೆಯೂ ಅಲ್ಲಿತ್ತಲ್ಲ! 1948ರ ಕಾರ್ಖಾನೆ ಕಾಯ್ದೆಯೂ ಯಂತ್ರ ಓಡುವಷ್ಟು ಹೊತ್ತು ಗಾರ್ಡ್ ಜಾಗದಲ್ಲೇ ಇರಬೇಕೆಂದು ಹೇಳಿ, ಅದಕ್ಕೆ ಕಾರ್ಖಾನೆ ನಡೆಸುವವರನ್ನೇ ಹೊಣೆ ಮಾಡಿತು.

ಅಪ್ಪಮಾದ, ಎಚ್ಚರ, ಬೇಡವೇ ಎಂದು ಭಾನುವಾರ ಹಿರಿಯರೊಬ್ಬರು ಕೇಳಿದರು. ಖಂಡಿತ ಬೇಕು. ಆದರೆ ಸುಸ್ತಾದ ಕೈಗೆ ಎಚ್ಚರದ ಪಾಠ ಹೇಳುವುದು ಸುಲಭ, ಹೊತ್ತು ಕಡಿಮೆ ಮಾಡುವುದು ಕಷ್ಟ. ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್ಲಿನ ಕಾರ್ಮಿಕ ಸದಸ್ಯರಾಗಿದ್ದಾಗ ಹಿಡಿದದ್ದು ಈ ಕಷ್ಟದ ದಾರಿಯನ್ನೇ. ವಾರಕ್ಕೆ 54 ಗಂಟೆಯ ದುಡಿಮೆ 1946ರ ತಿದ್ದುಪಡಿಯಿಂದ 48ಕ್ಕೆ ಇಳಿಯಿತು.

ಆ ತಂದೆ ಇನ್ನೂ ಅರ್ಜಿ ಹಾಕಿಲ್ಲ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಅವರೊಂದಿಗೆ ಹೋಗುತ್ತೇನೆಂದಿದ್ದೇನೆ. ಇಂಥ ಅರ್ಜಿ ಬರೆದು ಅನುಭವವಿರುವ ಬಂಧುಗಳು ದಯವಿಟ್ಟು ಇಂದು ಸಂಜೆಯೊಳಗೆ ತಿಳಿಸಿ.

ಜೈಭೀಮ್.