ಪ್ರಾರ್ಥನೆ ಅಂದರೆ ಬೇಡುವುದಷ್ಟೇ ಅಲ್ಲ

ದೇವರಗುಡ್ಡಕ್ಕೆ ಶ್ರೀ ಮಾಲತೇಶಸ್ವಾಮಿಯ ದರ್ಶನಕ್ಕೆಂದು ಬಂದ ಭಕ್ತಾದಿಗಳಲ್ಲಿ ವಿನಂತಿಪೂರ್ವಕವಾಗಿ ಎರಡು ಮಾತು.

ಹರಕೆ, ಕಾಣಿಕೆಯ ರಸೀದಿ ಬರೆಯುವುದು ನನ್ನ ಕೆಲಸ. ಬರೆಸುವಾಗ ಜನ ತಮ್ಮ ಕಷ್ಟವನ್ನೂ ಹೇಳಿಕೊಳ್ಳುತ್ತಾರೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ರೇಟು ಏರಲಿ ಅಂತ ರೈತ ಬೇಡಿಕೊಂಡರೆ, ಇಳಿಯಲಿ ಅಂತ ಕೊಳ್ಳುವವ ಬೇಡಿಕೊಳ್ಳುತ್ತಾನೆ. ಇಬ್ಬರ ಹಣೆಯ ಮೇಲೂ ಅದೇ ಭಂಡಾರ. ದೇವರು ಯಾರ ಮಾತು ಕೇಳಬೇಕು? ಹಾಗಾದರೆ ಬೇಡುವುದೇ ತಪ್ಪೇ?

ತಪ್ಪಲ್ಲ ಎಂದು ನನಗೆ ತಿಳಿಸಿಕೊಟ್ಟವರು ಹುಬ್ಬಳ್ಳಿಯ ಒಬ್ಬ ಕ್ರೈಸ್ತ ಗೆಳೆಯರು. ಬಾಸೆಲ್ ಮಿಷನ್‌ನವರು ಹುಬ್ಬಳ್ಳಿಗೆ ಬಂದದ್ದು 1839ರಲ್ಲಿ. ಅಲ್ಲಿಯ ಕ್ರೈಸ್ತರು ಪ್ರಾರ್ಥನೆ ಮಾಡುವುದು ನಮ್ಮ ಕನ್ನಡದಲ್ಲೇ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸುಸ್ವಾಮಿಯವರೂ ಈ ಸಂಕಟ ತಪ್ಪಲಿ ಎಂದು ದೇವರಲ್ಲಿ ಬಾಯಿಬಿಟ್ಟು ಬೇಡಿದರು. ಆದರೆ ಕಡೆಗೆ ತಮ್ಮ ಇಚ್ಛೆಗಿಂತ ದೇವರ ಇಚ್ಛೆಯೇ ನಡೆಯಲಿ ಎಂದು ಒಪ್ಪಿಕೊಂಡರು. ಸಂಕಟ ತಪ್ಪಲಿಲ್ಲ. ಆದರೂ ಆ ಪ್ರಾರ್ಥನೆ ಸುಳ್ಳಾಯಿತೆಂದು ಯಾರೂ ಹೇಳುವುದಿಲ್ಲ.

ಅವರ ಇನ್ನೊಂದು ಬೋಧನೆ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿದೆ. ಕಾಣಿಕೆ ತಂದವನಿಗೆ, ಸಹೋದರನ ಮನಸ್ಸು ತನ್ನಿಂದ ನೊಂದಿದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕಂತೆ. ಇದನ್ನು ಕೇಳಿ ನನಗೆ ಮುಖ ಎತ್ತಲಾಗಲಿಲ್ಲ. ಹೊಲದ ಬದುವಿನ ಸಲುವಾಗಿ ಅಣ್ಣನ ಕೂಡ ಆರು ವರ್ಷ ಮಾತು ಬಿಟ್ಟಿದ್ದೆ. ಮಗನ ನೌಕರಿಗಾಗಿ ಮಾತ್ರ ದಿನಾ ಸ್ವಾಮಿಗೆ ಕೈಮುಗಿಯುತ್ತಿದ್ದೆ.

ಮರುದಿನ ಅಣ್ಣನ ಮನೆಗೆ ಹೋದೆ. "ಬಾ, ಕೂಡು, ಚಾ ಕುಡಿ" ಅಂದ. ಅಷ್ಟೇ. ಬದು ಇದ್ದಲ್ಲೇ ಇದೆ. ಮಗನಿಗೆ ನೌಕರಿ ಇನ್ನೂ ಆಗಿಲ್ಲ. ಆದರೆ ಈಗ ಕೈಮುಗಿದಾಗ ಒಳಗೆ ಚುಚ್ಚುವುದಿಲ್ಲ.

ದಸರೆಯ ಕಾರಣಿಕ ನೋಡಿದವರಿಗೆ ಗೊತ್ತು. ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಅಂದಕೂಡಲೇ ಸಾವಿರಾರು ಜನ ಗಪ್‌ಚಿಪ್ ಆಗುತ್ತಾರೆ. ದೇವವಾಣಿ ಕೇಳಬೇಕಾದರೆ ನಮ್ಮ ಸದ್ದು ನಿಲ್ಲಬೇಕು. ಪ್ರಾರ್ಥನೆಯೂ ಹಾಗೆಯೇ. ಬೇಡುವುದನ್ನು ಮುಚ್ಚುಮರೆಯಿಲ್ಲದೆ ಬೇಡಿರಿ. ಆಮೇಲೆ ಒಂದು ಗಳಿಗೆ ಸುಮ್ಮನೆ ನಿಂತು, ನಾನು ಮಾಡಬೇಕಾದ್ದೇನು ಎಂದು ಕೇಳಿರಿ. ಕಾಯಿಗೆ ನೀರು ಹೊಡೆಯಬೇಡ ಎಂದು ರೈತನಿಗೂ, ತೂಕದಲ್ಲಿ ಕಳೆಯಬೇಡ ಎಂದು ಕೊಳ್ಳುವವನಿಗೂ ಆಗ ಒಳಗೇ ಕೇಳಿಸೀತು. ಯಾರದಾದರೂ ಮುಖ ನೆನಪಾದರೆ, ಗುಡ್ಡ ಇಳಿದು ಮೊದಲು ಅವರ ಮನೆಗೆ ಹೋಗಿರಿ. ರಸೀದಿ ಆಮೇಲೆ ಬರೆಸಿದರೂ ನಡೆದೀತು.

ಸರ್ವರಿಗೂ ಮಾಲತೇಶನು ಒಳ್ಳೆಯದನ್ನು ಮಾಡಲಿ.